ಹಾಸನ, ಚಿಕ್ಕಮಗಳೂರಿನಲ್ಲಿ ವೀಗನ್ ಆಗುವುದಾದರೆ: ಪ್ಯಾಕೆಟ್ ದಾರಿಯೋ, ಮನೆ ಅಡುಗೆಯ ದಾರಿಯೋ?

ವೀಗನ್ ಆಗೋಣ ಅಂತ ಮನಸ್ಸು ಮಾಡಿದವರು ಮೊದಲು ಮೊಬೈಲ್ ತೆಗೆದು ಬಾದಾಮಿ ಹಾಲು, ವೀಗನ್ ಚೀಸ್, ಪ್ರೋಟೀನ್ ಪುಡಿ ಹುಡುಕುತ್ತಾರೆ. ಬೆಲೆ ಕಂಡು ಗಾಬರಿಯಾಗುತ್ತದೆ. ಇದು ಬೆಂಗಳೂರಿನ ದುಡ್ಡಿರುವವರಿಗೆ ಸರಿ, ನಮಗಲ್ಲ ಅಂತ ಅಲ್ಲಿಗೇ ಕೈಬಿಡುತ್ತಾರೆ. ಹೀಗೆ ಬಿಟ್ಟವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ರಾಗಿ, ಹುರುಳಿ, ಅವರೆ, ತೆಂಗು, ಹಲಸು, ಬಗೆಬಗೆಯ ಸೊಪ್ಪು ಎಲ್ಲವೂ ಕಣ್ಣೆದುರೇ ಬೆಳೆಯುವ ಜಿಲ್ಲೆಗಳು ನಮ್ಮವು. ಇಲ್ಲಿ ವೀಗನ್ ಆಗಲು ಹೊರಗಿನಿಂದ ತರಿಸಲೇಬೇಕಾದ್ದು ಬಹಳ ಕಡಿಮೆ.

ವೀಗನ್ ಅಂದರೆ ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪವನ್ನೂ ಬಿಡುವುದು. 1944ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಗಾರರು ವೀಗನ್ ಸೊಸೈಟಿ ಕಟ್ಟಿದ್ದು ಇದೇ ಹಾಲಿನ ಪ್ರಶ್ನೆ ಇಟ್ಟುಕೊಂಡು. ಹಸು ಕರು ಹಾಕಿದರೆ ಮಾತ್ರ ಹಾಲು. ಹಾಲು ಬರುತ್ತಲೇ ಇರಬೇಕಾದರೆ ಕರುಗಳು ಹುಟ್ಟುತ್ತಲೇ ಇರಬೇಕು. ಈಗ ಉಳುಮೆಗೆ ಟ್ರ್ಯಾಕ್ಟರ್ ಇರುವಾಗ ಗಂಡು ಕರುಗಳ ಗತಿ ಏನಾಗುತ್ತದೆ ಅನ್ನುವುದು ಹಳ್ಳಿಯಲ್ಲಿ ದನ ಸಾಕಿದ ಎಲ್ಲರಿಗೂ ಗೊತ್ತು. ಶ್ರವಣಬೆಳಗೊಳ ಇರುವ ಜಿಲ್ಲೆಯಲ್ಲಿ ಅಹಿಂಸೆ ಹೊಸ ಮಾತೇನಲ್ಲ, ಅದನ್ನು ಹಾಲಿನ ಲೋಟದವರೆಗೂ ತರುವುದು ಮಾತ್ರ ಹೊಸತು.

ಈಗ ದಾರಿಗಳ ವಿಷಯ. ಒಂದು ಪ್ಯಾಕೆಟ್ ದಾರಿ. ಮೊದಲು ತಿನ್ನುತ್ತಿದ್ದ ಪ್ರತಿಯೊಂದಕ್ಕೂ ಅದರ ಹಾಗೇ ಕಾಣುವ ವೀಗನ್ ತಿನಿಸನ್ನು ಅಂಗಡಿಯಿಂದ ತರುವುದು. ಇನ್ನೊಂದು ಮನೆ ಅಡುಗೆಯ ದಾರಿ. ಈಗಾಗಲೇ ನಮ್ಮ ಅಡುಗೆಮನೆಯಲ್ಲಿ ಹಾಲು, ತುಪ್ಪ ಇಲ್ಲದೆ ಆಗುವ ಅಡುಗೆ ಯಾವುದಿದೆಯೋ ಅದನ್ನೇ ಜಾಸ್ತಿ ಮಾಡುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮುಕ್ಕಾಲು ಪಾಲು ಮನೆ ಅಡುಗೆಯ ದಾರಿಯೇ ಒಳ್ಳೆಯದು, ಆರೋಗ್ಯಕ್ಕೂ ಜೇಬಿಗೂ. ಆದರೆ ವಿಟಮಿನ್ ಬಿ12 ಮಾತ್ರೆಯೊಂದು ಯಾವ ದಾರಿ ಹಿಡಿದರೂ ಬಿಡುವಂತಿಲ್ಲ, ಅದರ ಬಗ್ಗೆ ಕೆಳಗೆ ಬಿಡಿಸಿ ಬರೆದಿದ್ದೇನೆ, ದಯವಿಟ್ಟು ಆ ಭಾಗ ಹಾರಿಸಬೇಡಿ.

ಒಂದೇ ಸಲ ಬಿಡುವುದೋ, ಒಂದೊಂದಾಗಿ ಬಿಡುವುದೋ

ಇದು ನೀವು ಎಲ್ಲಿಂದ ಹೊರಡುತ್ತೀರಿ ಅನ್ನುವುದರ ಮೇಲಿದೆ. ಮೊದಲಿನಿಂದ ಸಸ್ಯಾಹಾರಿ ಮನೆಯಾದರೆ ಬಿಡಬೇಕಾದ್ದು ಹಾಲಿನ ಪದಾರ್ಥ ಮತ್ತು ಜೇನು ಅಷ್ಟೇ. ಅಂಥವರು ಒಂದೇ ಸಲ ಬಿಟ್ಟರೂ ಹೊಟ್ಟೆಗೆ ತೊಂದರೆ ಇಲ್ಲ, ಕಷ್ಟ ಇರುವುದು ನಾಲಿಗೆಗೆ. ಮಾಂಸ ತಿನ್ನುವ ಮನೆಯವರಿಗೆ ಲೆಕ್ಕ ಬೇರೆ. ಎಷ್ಟೋ ಜನ ಮೊದಲು ಕೋಳಿ, ಮಟನ್ ಬಿಟ್ಟು ಆ ಜಾಗಕ್ಕೆ ಪನೀರ್, ಮೊಸರು ತುಂಬುತ್ತಾರೆ, ಆಮೇಲೆ ಅದನ್ನು ಬಿಡುವುದು ಇನ್ನೂ ಕಷ್ಟವಾಗುತ್ತದೆ. ಅದಕ್ಕಿಂತ ಮಾಂಸ ಇಳಿಸುತ್ತಾ ಬಂದ ಹಾಗೆ ಕಾಳು ಏರಿಸುತ್ತಾ ಹೋಗುವುದು ಒಳ್ಳೆಯದು.

ಕಾಳನ್ನೂ ಒಮ್ಮೆಲೇ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ, ಆಗ ಜನ ವೀಗನ್ ಊಟವನ್ನೇ ಬೈಯುತ್ತಾರೆ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಇಂಗು, ಶುಂಠಿ, ಬೆಳ್ಳುಳ್ಳಿ ಹಾಕಿ ಮೆತ್ತಗೆ ಬೇಯಿಸಿ. ಕೆಲವು ವಾರದಲ್ಲಿ ಹೊಟ್ಟೆ ಹೊಂದಿಕೊಳ್ಳುತ್ತದೆ.

ಮಟನ್ ಸಾರಿನ ರುಚಿ ಬೇಕೆನಿಸುವವರಿಗೆ ಒಂದು ಮಾತು: ಆ ರುಚಿಯಲ್ಲಿ ಹೆಚ್ಚಿನ ಪಾಲು ಮಸಾಲೆಯದು. ಹುರಿದ ಧನಿಯ, ಚಕ್ಕೆ, ಲವಂಗ, ಗಸಗಸೆ, ಕಾಯಿ ಎಲ್ಲ ಹಾಗೇ ಇರಲಿ, ಅದಕ್ಕೆ ಎಳೆ ಹಲಸಿನಕಾಯಿ, ಅಣಬೆ, ಮೀಲ್ ಮೇಕರ್ (ಸೋಯಾ ತುಂಡು) ಅಥವಾ ಕಡಲೆಕಾಳು ಹಾಕಿ. ಆದರೆ ಈ ನಾಲ್ಕೂ ಒಂದೇ ಅಲ್ಲ. ಎಳೆ ಹಲಸು ಅಗಿಯಲು ಮಾಂಸದ ಹಾಗಿರುತ್ತದೆ, ಪ್ರೋಟೀನ್ ಮಾತ್ರ 100 ಗ್ರಾಂಗೆ 2–3 ಗ್ರಾಂ ಅಷ್ಟೇ. ಒಣ ಮೀಲ್ ಮೇಕರ್‌ನಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಇರುತ್ತದೆ, ಕಡಲೆಕಾಳಿನಲ್ಲಿ ಸುಮಾರು 20. ಹಲಸಿನ ಸಾರು ಮಾಡಿದ ದಿನ ಪಕ್ಕದಲ್ಲಿ ಕಾಳಿನ ಪಲ್ಯವೂ ಇರಲಿ. ಮಳೆಗಾಲದಲ್ಲಿ ಕಾಡಿನ ಅಣಬೆ ಕಂಡರೆ, ಗುರುತು ಖಚಿತವಾಗಿ ಬಲ್ಲವರು ಕಿತ್ತದ್ದಲ್ಲದಿದ್ದರೆ ಮುಟ್ಟಬೇಡಿ. ಕಳಲೆಯನ್ನೂ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸದೆ ತಿನ್ನುವಂತಿಲ್ಲ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ.

ಕಾಫಿಗೆ ಯಾವ ಹಾಲು

ನಮ್ಮ ಕಡೆ ವೀಗನ್ ಆಗುವ ಪ್ರಯತ್ನ ಮುರಿದು ಬೀಳುವುದು ಬೆಳಗಿನ ಕಾಫಿಯಲ್ಲಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದರು ಅನ್ನುವ ಕಥೆ ಕೇಳುತ್ತಾ ಬೆಳೆದ ಊರಿನವರಿಗೆ ಕಾಫಿ ಬಿಡಿ ಅಂತ ನಾನಂತೂ ಹೇಳುವುದಿಲ್ಲ. ಬಿಡಬೇಕಾದ್ದೂ ಇಲ್ಲ. ಆದರೆ ಈ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಿ, ಇದು ಬಗೆಹರಿಯದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ.

ಸುಲಭದ್ದು ಹಾಲೇ ಇಲ್ಲದ ಬೆಲ್ಲದ ಕಾಫಿ. ಮಲೆನಾಡಿನ ಹಳೆಯ ಮನೆಗಳಲ್ಲಿ, ತೋಟದ ಕೆಲಸದವರ ಮಧ್ಯೆ ಇದು ಮೊದಲಿನಿಂದಲೂ ಇದೆ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಕಾಫಿಪುಡಿ ಹಾಕಿ ಇಳಿಸಿ, ಸೋಸಿ. ಬೇಕಾದರೆ ಚೂರು ಶುಂಠಿ ಅಥವಾ ಒಂದು ಕಾಳುಮೆಣಸು. ಇದಕ್ಕೆ ಅರೇಬಿಕಾ ಜಾಸ್ತಿ ಇರುವ ಪುಡಿ ಚೆನ್ನ, ರೊಬಸ್ಟಾ ಜಾಸ್ತಿಯಾದರೆ ಹಾಲಿಲ್ಲದೆ ಕಹಿ ಎದ್ದು ಕಾಣುತ್ತದೆ.

ಹಾಲು ಬೇಕೇ ಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಸೋಯಾ. ಕಾರಣ ನೇರ: ಹಸುವಿನ ಹಾಲಿನಲ್ಲಿ 100 ಮಿಲಿಗೆ 3 ಗ್ರಾಂಗಿಂತ ಸ್ವಲ್ಪ ಜಾಸ್ತಿ ಪ್ರೋಟೀನ್ ಇದ್ದರೆ, ಸೋಯಾ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಓಟ್ಸ್ ಹಾಲಿನಲ್ಲಿ 1 ಗ್ರಾಂ ಆಸುಪಾಸು, ಬಾದಾಮಿ ಹಾಲಿನಲ್ಲಿ ಅರ್ಧ ಗ್ರಾಂ ಇದ್ದರೆ ಹೆಚ್ಚು. ಬಾದಾಮಿ ಹಾಲಿನ ಪ್ಯಾಕೆಟ್ ತಿರುಗಿಸಿ ಬಾದಾಮಿ ಶೇಕಡಾ ಎಷ್ಟಿದೆ ಅಂತ ಓದಿ ನೋಡಿ, ಮುಕ್ಕಾಲು ಪಾಲು ಅಲ್ಲ, ಹೆಚ್ಚುಕಡಿಮೆ ಪೂರ್ತಿ ನೀರೇ. ಅದಕ್ಕೆ ಅಷ್ಟು ದುಡ್ಡು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಎಚ್ಚರ: ಹಾಲಿನ ಬೂತಿನಲ್ಲಿ ಬಾಟಲಿಯಲ್ಲಿ ಸಿಗುವ ಹಳದಿ ಬಣ್ಣದ ಬಾದಾಮಿ ಹಾಲು ಹಸುವಿನ ಹಾಲೇ, ಬಾದಾಮಿ ಪುಡಿಯ ಡಬ್ಬಿಗಳಲ್ಲೂ ಹಾಲಿನ ಪುಡಿ ಇರುವುದುಂಟು.

ಸೋಯಾ ಹಾಲನ್ನು ಮನೆಯಲ್ಲೇ ಮಾಡಬಹುದು. 100–125 ಗ್ರಾಂ ಸೋಯಾ ಕಾಳು ರಾತ್ರಿ ನೆನೆಹಾಕಿ, ಬೆಳಗ್ಗೆ ಉಜ್ಜಿ ಸಿಪ್ಪೆ ತೆಗೆದು, ಕುದಿಯುವ ನೀರು ಹಾಕಿ ರುಬ್ಬಿ. ತಣ್ಣೀರಿನಲ್ಲಿ ರುಬ್ಬಿದರೆ ಹಸಿ ಕಾಳಿನ ವಾಸನೆ ಬರುತ್ತದೆ, ಅದೇ ವಾಸನೆಗೆ ಹೆದರಿ ಎಷ್ಟೋ ಜನ ಸೋಯಾ ಬಿಟ್ಟಿದ್ದಾರೆ. ಆಮೇಲೆ ಬಟ್ಟೆಯಲ್ಲಿ ಹಿಂಡಿ, ಬಂದ ಹಾಲನ್ನು 15–20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಇದನ್ನು ತಪ್ಪಿಸಬಾರದು, ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ, ಅದು ಹೋಗುವುದು ಬೆಂದಾಗಲೇ. ಒಂದು ಲೀಟರ್ ಹಾಲು ಬರುತ್ತದೆ. ಉಳಿದ ಚರಟವನ್ನು ಅಕ್ಕಿ ರೊಟ್ಟಿ ಹಿಟ್ಟಿಗೆ ಅಥವಾ ವಡೆಗೆ ಕಲಸಿ. ಲೆಕ್ಕ ಹಾಕಿದರೆ ಒಂದು ಕೆಜಿ ಕಾಳಿಗೆ 8–10 ಲೀಟರ್. ಪ್ಯಾಕೆಟ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ದುಡ್ಡು ಎಣಿಸಬೇಕು.

ಸೋಯಾ ಹಾಲು ಕಾಫಿಯಲ್ಲಿ ಒಡೆಯುತ್ತದೆ ಅನ್ನುವ ದೂರು ನಿಜ. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಎರಡೂ ಸೇರಿ ಹೀಗಾಗುತ್ತದೆ. ಹಾಲನ್ನು ಬಿಸಿ ಮಾಡಿ ಲೋಟದಲ್ಲಿಟ್ಟು, ಸ್ವಲ್ಪ ಆರಿದ ಡಿಕಾಕ್ಷನ್ ಅದಕ್ಕೆ ನಿಧಾನ ಬೆರೆಸಿ. ಅರೇಬಿಕಾದಲ್ಲಿ ಹುಳಿ ಜಾಸ್ತಿ, ಹಾಗಾಗಿ ಸೋಯಾ ಕಾಫಿಗೆ ರೊಬಸ್ಟಾ ಮತ್ತು ಸ್ವಲ್ಪ ಚಿಕೋರಿ ಬೆರೆತ ಪುಡಿ ಹೊಂದುತ್ತದೆ. ಬೆಲ್ಲದ ಕಾಫಿಗೆ ಹೇಳಿದ್ದಕ್ಕೆ ಇದು ಉಲ್ಟಾ, ನೆನಪಿಡಿ.

ರುಚಿಯೊಂದೇ ಮುಖ್ಯವಾದರೆ ಓಟ್ಸ್ ಹಾಲು ಗೆಲ್ಲುತ್ತದೆ, ಹಾಲಿನ ಕಾಫಿಗೆ ಅದರಷ್ಟು ಹತ್ತಿರ ಯಾವುದೂ ಬರುವುದಿಲ್ಲ. ಮನೆಯಲ್ಲಿ ಮಾಡಿದರೆ ತಣ್ಣೀರಿನಲ್ಲಿ ಅರ್ಧ ನಿಮಿಷ ಮಾತ್ರ ತಿರುಗಿಸಿ ಸೋಸಿ, ಜಾಸ್ತಿ ತಿರುಗಿಸಿದರೆ ಲೋಳೆ, ಜಾಸ್ತಿ ಕಾಯಿಸಿದರೆ ಗಂಜಿ. ಕಾಯಿ ಹಾಲು ಕಾಫಿಗೆ ಬೇಡ, ಕಾಫಿಯ ರುಚಿಯನ್ನೇ ನುಂಗುತ್ತದೆ. ಅದರ ಜಾಗ ಒತ್ತು ಶಾವಿಗೆಯ ಪಕ್ಕದಲ್ಲಿ: ಬೆಲ್ಲ, ಏಲಕ್ಕಿ ಹಾಕಿದ ಕಾಯಿ ಹಾಲು ಮತ್ತು ಶಾವಿಗೆ. ಎಳ್ಳಷ್ಟೂ ಬದಲಾಯಿಸದೆ ಪೂರ್ತಿ ವೀಗನ್ ಆಗಿರುವ ಹಬ್ಬದೂಟ ನಮ್ಮಲ್ಲೇ ಇದೆ ಅಲ್ವಾ? ಕಾಯಿಯಲ್ಲಿ ಗಟ್ಟಿ ಕೊಬ್ಬು ಜಾಸ್ತಿ, ಪ್ರೋಟೀನ್ ಕಡಿಮೆ, ದಿನಾ ಲೋಟಗಟ್ಟಲೆ ಕುಡಿಯುವುದಲ್ಲ ಅಷ್ಟೇ.

ಪ್ಯಾಕೆಟ್ ಹಾಲಿಗೆ ಒಂದು ಕಡೆ ಮೇಲುಗೈ ಇದೆ, ಅದನ್ನು ಮುಚ್ಚಿಡಬಾರದು. ಕೆಲವು ಕಂಪನಿಗಳು ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಸೇರಿಸಿರುತ್ತವೆ. ಮನೆಯ ಹಾಲಿನಲ್ಲಿ ಅದಿಲ್ಲ. ಕೊಳ್ಳುವುದಾದರೆ ಸಕ್ಕರೆ ಸೇರಿಸದ, ಇವು ಮೂರೂ ಸೇರಿಸಿದ ಸೋಯಾ ಹಾಲನ್ನೇ ಕೊಳ್ಳಿ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಅಲ್ಲ, ಹಾಲು, ಜೇನು ಇದ್ದರೂ ಹಸಿರು ಚುಕ್ಕೆ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೇ ನಿಯಮ ತಂದಿದೆ, ಚೌಕದೊಳಗೆ ಹಸಿರು 'ವಿ' ಮತ್ತು ಎಲೆ ಇರುವ ಗುರುತು ನೋಡಿ.

ಮೊಸರು, ತುಪ್ಪ

ಕಡಲೆಕಾಯಿ ಮೊಸರು ಮಾಡಿ ನೋಡಿ. ಕಡಲೆಬೀಜ ನೆನೆಸಿ ರುಬ್ಬಿ ಸೋಸಿ ಕುದಿಸಿ, ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ಐದಾರು ತೊಟ್ಟು ಹಾಕಿ ಬೆಚ್ಚನೆ ಜಾಗದಲ್ಲಿಡಿ, ಹೆಪ್ಪಾಗುತ್ತದೆ. ಮಳೆಗಾಲದ ಚಳಿಗೆ ತಡವಾಗುತ್ತದೆ, ಒಲೆಯ ಪಕ್ಕ ಇಡಬೇಕು. ಒಮ್ಮೆ ಆದ ಮೊಸರನ್ನೇ ಮುಂದಿನ ಸಲ ಹೆಪ್ಪಿಗೆ ಬಳಸಬಹುದು. ಹಸುವಿನ ಮೊಸರಿನ ರುಚಿ ಪೂರ್ತಿ ಬರುವುದಿಲ್ಲ, ಆದರೆ ಒಗ್ಗರಣೆ ಕೊಟ್ಟ ಮೊಸರನ್ನಕ್ಕೆ ಚೆನ್ನಾಗಿ ಒಪ್ಪುತ್ತದೆ. ತಂಬುಳಿಗೆ ಮೊಸರಿನ ಬದಲು ಜಾಸ್ತಿ ಕಾಯಿ ರುಬ್ಬಿ ನಿಂಬೆರಸ ಅಥವಾ ಪುನರ್ಪುಳಿ ಹಾಕಿ.

ತುಪ್ಪಕ್ಕೆ ಬದಲು ಹುಡುಕಲೇಬೇಡಿ. ಗಾಣದ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಇವೆ. ತುಪ್ಪದ ಬದಲು ಡಾಲ್ಡಾ ಹಾಕಿ ವೀಗನ್ ಅನ್ನುವುದು ಬೇಡವೇ ಬೇಡ. ಡಾಲ್ಡಾದ ಹಾಗೆ ಗಟ್ಟಿ ಮಾಡಿದ ಎಣ್ಣೆಯಿಂದ ಬರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಷ್ಟು ಕೆಟ್ಟದ್ದೆಂದರೆ, 2022ರಿಂದ ನಮ್ಮ ದೇಶದಲ್ಲಿ ಅದಕ್ಕೆ ಶೇಕಡಾ 2ರ ಮಿತಿ ಹಾಕಿದ್ದಾರೆ.

ಮುದ್ದೆ ಸೀಮೆಯ ತಟ್ಟೆ, ಅಕ್ಕಿ ಸೀಮೆಯ ತಟ್ಟೆ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆಯವರು ವೀಗನ್ ಆಗುವುದು ಒಂದು ಥರ, ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯವರು ಆಗುವುದು ಇನ್ನೊಂದು ಥರ. ಎರಡರಲ್ಲಿ ಮುದ್ದೆ ಸೀಮೆಯ ತಟ್ಟೆಗೆ ಸ್ವಲ್ಪ ಮುಂಚೂಣಿ ಇದೆ ಅನ್ನುವುದು ನನ್ನ ಮಾತು, ಮಲೆನಾಡಿನವರು ಬೇಸರ ಮಾಡಿಕೊಳ್ಳಬಾರದು.

ಹಾಲು ಬಿಟ್ಟಾಗ ಏನು ಕಳೆಯುತ್ತದೆ ನೋಡೋಣ. ದಿನಕ್ಕೆ ಎರಡು ಕಾಫಿ, ಒಂದು ಬಟ್ಟಲು ಮೊಸರು ಸೇರಿ 400 ಮಿಲಿ ಹಾಲು ಅಂತಿಟ್ಟುಕೊಳ್ಳಿ. ಅದರಲ್ಲಿ 13 ಗ್ರಾಂ ಆಸುಪಾಸು ಪ್ರೋಟೀನ್, 480 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಎಷ್ಟು ವ್ಯತ್ಯಾಸ! ದಿನಕ್ಕೆ 150 ಗ್ರಾಂ ರಾಗಿ ಹಿಟ್ಟು ಹೊಟ್ಟೆಗೆ ಹೋದರೆ ಹಾಲಿನಿಂದ ಬರುತ್ತಿದ್ದಷ್ಟು ಕ್ಯಾಲ್ಸಿಯಂ ಲೆಕ್ಕಕ್ಕೆ ಬರುತ್ತದೆ. ಆದರೆ ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಅದರಲ್ಲಿ ಹಿಡಿದಿಟ್ಟುಕೊಳ್ಳುವ ಅಂಶಗಳಿವೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಆ ತೊಂದರೆ ಕಡಿಮೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ನಮ್ಮ ದೇಶದ ಪೋಷಣೆಯ ಶಿಫಾರಸು ಹೇಳುತ್ತದೆ, ಹಾಗಾಗಿ ರಾಗಿಯೊಂದನ್ನೇ ನಂಬಬೇಡಿ. ಎಳ್ಳು, ನುಗ್ಗೆಸೊಪ್ಪು, ಹುರುಳಿ ಜೊತೆಗಿರಲಿ. ನುಗ್ಗೆಸೊಪ್ಪಿನಲ್ಲಿ 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ಸಿಪ್ಪೆ ಸಹಿತ ಎಳ್ಳಿನಲ್ಲಿ 1200 ದಾಟುತ್ತದೆ, ದಿನಕ್ಕೆ ಒಂದೆರಡು ಚಮಚ ಎಳ್ಳಿನ ಚಟ್ನಿಪುಡಿ ಸಾಕು. ಪಾಲಕ್ ಬೇರೆ ರೀತಿಯಲ್ಲಿ ಒಳ್ಳೆಯದು, ಕ್ಯಾಲ್ಸಿಯಂಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಪ್ರೋಟೀನ್ ಬಗ್ಗೆ ಇರುವಷ್ಟು ಭಯ ಬೇಡ, ಹಾಗಂತ ಅನ್ನ ಮತ್ತು ತಿಳಿಸಾರಿನಲ್ಲಿ ಬರುತ್ತದೆ ಅಂತಲೂ ಇಲ್ಲ. ಮೈತೂಕದ ಕೆಜಿಗೆ 0.83 ಗ್ರಾಂ ಅನ್ನುವ ಲೆಕ್ಕದಲ್ಲಿ 60 ಕೆಜಿಯವರಿಗೆ 50 ಗ್ರಾಂ ಬೇಕು. ಹುರುಳಿ, ತೊಗರಿ, ಹೆಸರು, ಅವರೆ, ಅಲಸಂದೆ ಎಲ್ಲದರಲ್ಲೂ 100 ಗ್ರಾಂ ಒಣ ಕಾಳಿಗೆ 20–24 ಗ್ರಾಂ ಇರುತ್ತದೆ. ದಿನಕ್ಕೆ 80 ಗ್ರಾಂ ಕಾಳು ಬೇಳೆ, 30 ಗ್ರಾಂ ಕಡಲೆಬೀಜ, ಜೊತೆಗೆ 300 ಗ್ರಾಂ ರಾಗಿ ಅಕ್ಕಿ ಸೇರಿದರೆ 45 ದಾಟುತ್ತದೆ, ಒಂದು ಲೋಟ ಸೋಯಾ ಹಾಲು ಅಥವಾ ಸ್ವಲ್ಪ ಮೀಲ್ ಮೇಕರ್ ಸೇರಿಸಿದರೆ 50 ಮುಟ್ಟಿ ಮುಂದೆ ಹೋಗುತ್ತದೆ. ಪ್ರೋಟೀನ್ ಪುಡಿ ಬೇಕಾಗುವುದು ಜಿಮ್‌ಗೆ ಹೋಗಿ ಮೈ ಕಟ್ಟುವವರಿಗೆ, ಅಥವಾ ಜಾಸ್ತಿ ತಿನ್ನಲಾಗದ ವಯಸ್ಸಾದವರಿಗೆ.

ಮುದ್ದೆಯ ಜೊತೆ ಬಸ್ಸಾರು, ಮೊಳಕೆ ಹುರುಳಿ ಸಾರು, ಚಳಿಗಾಲದಲ್ಲಿ ಸೊಗಡಿನ ಅವರೆಕಾಳಿನ ಹಿತಕಿದ ಬೇಳೆ ಸಾರು, ಮಸೊಪ್ಪು, ಉಪ್ಸಾರು. ರಾಗಿ ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನುವ ಅಂಶ ಕಾಳಿನಲ್ಲಿ ತುಂಬ ಇದೆ, ಎರಡೂ ಒಂದೇ ದಿನದಲ್ಲಿ ಸೇರಿದರೆ ಸಾಕು. ಮಲೆನಾಡಿನವರ ಕಡುಬು, ಅಕ್ಕಿ ರೊಟ್ಟಿ, ನೀರು ದೋಸೆ, ಪತ್ರೊಡೆ ಎಲ್ಲವೂ ವೀಗನ್ ಹೌದು, ಆದರೆ ಜೊತೆಗೆ ಬರುವುದು ಕಾಯಿ ಚಟ್ನಿ. ಅಲ್ಲಿ ಕಾಳು ತಟ್ಟೆಯ ಮೂಲೆ ಸೇರುತ್ತದೆ. ಮಲೆನಾಡಿನ ವೀಗನ್‌ಗಳು ಮಾಡಬೇಕಾದ ಒಂದೇ ದೊಡ್ಡ ಬದಲಾವಣೆ ಅಂದರೆ ಕಡುಬಿಗೆ ಚಟ್ನಿ ಜೊತೆ ಕಾಳಿನ ಗಸಿ ಮಾಡುವುದು, ಬೆಳಗಿನ ಒಂದು ಹೊತ್ತಿಗೆ ರಾಗಿ ರೊಟ್ಟಿಯೋ ಹುರಿಹಿಟ್ಟೋ ತರುವುದು.

ಬಿ12: ಮಾತ್ರೆಯೋ, ಇಂಜೆಕ್ಷನ್ನೋ, ಇಡ್ಲಿಯೋ

ಇಡ್ಲಿ ಅಲ್ಲ. ಹುದುಗಿಸಿದ ಹಿಟ್ಟಿನಲ್ಲಿ, ಸ್ಪಿರುಲಿನಾ ಅನ್ನುವ ಪಾಚಿಯಲ್ಲಿ, ತೊಳೆಯದ ತರಕಾರಿಯಲ್ಲಿ ಬಿ12 ಸಿಗುತ್ತದೆ ಅನ್ನುವ ಮಾತುಗಳು ಓಡಾಡುತ್ತವೆ, ಯಾವುದನ್ನೂ ನಂಬಬೇಡಿ. ಈ ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಿಂದ ನೆಚ್ಚಿಕೊಳ್ಳುವಷ್ಟು ಬರುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12 ಹಾಗೆ ಕಾಣುವ, ಮೈಗೆ ಕೆಲಸಕ್ಕೆ ಬಾರದ ವಸ್ತು.

ಮೋಸ ಆಗುವುದು ಹೀಗೆ: ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಬಿ12 ಶೇಖರಣೆ ಇರಬಹುದು, ಹಾಗಾಗಿ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು. ಸೊಪ್ಪು ಕಾಳಿನ ಊಟದಲ್ಲಿ ಫೋಲೇಟ್ ಅನ್ನುವ ವಿಟಮಿನ್ ಜಾಸ್ತಿ ಇರುವುದರಿಂದ ರಕ್ತಹೀನತೆಯೂ ಮುಚ್ಚಿಕೊಂಡಿರಬಹುದು, ನರಕ್ಕೆ ಹಾನಿ ಮಾತ್ರ ಒಳಗೇ ನಡೆಯುತ್ತಿರುತ್ತದೆ. ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆರೋಗ್ಯವಾಗಿರುವ ದೊಡ್ಡವರಿಗೆ ವೀಗನ್ ಸೊಸೈಟಿ ಹೇಳುವುದು ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಅಥವಾ ವಾರಕ್ಕೆ ಒಟ್ಟು 2000 ಮೈಕ್ರೋಗ್ರಾಂ. ದಿನಾ ನೆನಪಿರದವರಿಗೆ ವಾರದ ಲೆಕ್ಕ ಸುಲಭ. ಸಯನೊಕೊಬಾಲಮಿನ್ ಮತ್ತು ಮಿಥೈಲ್‌ಕೊಬಾಲಮಿನ್ ಅಂತ ಎರಡು ಬಗೆ ಸಿಗುತ್ತದೆ. ಮೊದಲನೆಯದು ಅಗ್ಗ, ಬೇಗ ಕೆಡುವುದಿಲ್ಲ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಎರಡನೆಯದು. ಇಲ್ಲಿ ಒಂದು ಅಪಾಯ ಇದೆ: ಸುಮ್ನೆ 'ಬಿ12 ಕೊಡಿ' ಅಂತ ಕೇಳಿದರೆ ನರದ ನೋವಿಗೆ ಕೊಡುವ, ಪ್ರಿಗ್ಯಾಬಲಿನ್ ಬೆರೆತ ಮಾತ್ರೆ ಕೈಗೆ ಬರಬಹುದು. ಅದು ಬೇರೆಯೇ ಔಷಧಿ, ಡಾಕ್ಟರ್ ಬರೆದುಕೊಡದೆ ನುಂಗುವಂಥದ್ದಲ್ಲ. ಮಾತ್ರೆಯ ಪಟ್ಟಿಯ ಹಿಂದೆ ಬರೆದಿರುವುದನ್ನು ಪೂರ್ತಿ ಓದಿ. ಕ್ಯಾಪ್ಸೂಲ್ ಆದರೆ ಮೇಲಿನ ಕವಚ ಜೆಲಾಟಿನ್ ಇರಬಹುದು, ಅದು ಪ್ರಾಣಿಯ ಮೂಳೆ ಚರ್ಮದಿಂದ ಬರುವುದು, ಮಾತ್ರೆಯೇ ವಾಸಿ.

ಇಂಜೆಕ್ಷನ್ ಈಗಾಗಲೇ ಕೊರತೆ ಇರುವವರಿಗೆ, ಡಾಕ್ಟರ್ ಹೇಳಿದರೆ. ಸಸ್ಯಾಹಾರಿ ಮನೆಯಲ್ಲಿ ಬೆಳೆದವರಲ್ಲಿ ಎಷ್ಟೋ ಜನರಿಗೆ ಹಾಲು ಕುಡಿಯುತ್ತಿದ್ದಾಗಲೇ ಬಿ12 ಕಡಿಮೆ ಇರುತ್ತದೆ, ಹಾಗಾಗಿ ಶುರುಮಾಡುವ ಮೊದಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುವವರು ಖಂಡಿತ ಮಾಡಿಸಬೇಕು, ಆ ಮಾತ್ರೆಯೂ ಬಿ12 ಇಳಿಸುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬಿಸಿಲು ಕಾಣುವುದೇ ಅಪರೂಪ, ವಿಟಮಿನ್ ಡಿ ಪರೀಕ್ಷೆಯೂ ಆಗಲಿ. ವಿಟಮಿನ್ ಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವ ಡಿ3 ಬಗೆ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಡಿ2 ಅಥವಾ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ವೀಗನ್. ಕಬ್ಬಿಣಕ್ಕೆ ಕಾಳು ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಕಾಫಿ ಟೀ ಬೇಡ, ಒಂದು ಗಂಟೆ ಬಿಡಿ. ಒಮೆಗಾ 3 ಅನ್ನುವ ಒಳ್ಳೆಯ ಕೊಬ್ಬಿಗೆ ದಿನಕ್ಕೊಂದು ಚಮಚ ಅಗಸೆ ಚಟ್ನಿಪುಡಿ, ಇಡೀ ಬೀಜ ತಿಂದರೆ ಜೀರ್ಣವಾಗದೆ ಹಾಗೇ ಹೋಗುತ್ತದೆ. ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ, ಹಾಲು ಮೀನು ಬಿಟ್ಟವರಿಗೆ ಸೈಂಧವ ಉಪ್ಪೊಂದೇ ಸಾಲದು. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಹತ್ತಿರ ತರಬೇಡಿ, ಎಷ್ಟು ಹೊತ್ತು ಬಿಡಬೇಕು ಅಂತ ಡಾಕ್ಟರನ್ನು ಕೇಳಿ.

ಹೋಟೆಲು, ಬೇಕರಿ, ಮದುವೆ ಊಟ

ಹೋಟೆಲಿನಲ್ಲಿ ಇಡ್ಲಿ, ನೀರು ದೋಸೆ, ಅಕ್ಕಿ ರೊಟ್ಟಿ, ಪುಳಿಯೋಗರೆ, ಚಿತ್ರಾನ್ನ, ಅವಲಕ್ಕಿ ಇವುಗಳತ್ತ ಹೋಗಿ. ಮಸಾಲೆ ದೋಸೆಗೆ 'ಬೆಣ್ಣೆ ತುಪ್ಪ ಬೇಡ, ಎಣ್ಣೆ ಹಾಕಿ' ಅಂತ ಮೊದಲೇ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ರವೆ ಇಡ್ಲಿ, ಮಂಗಳೂರು ಬಜ್ಜಿ, ಬನ್ಸ್‌ಗೆ ಮೊಸರು ಬಿದ್ದಿರುತ್ತದೆ. ಕೇಸರಿಬಾತು, ಬಿಸಿಬೇಳೆಬಾತಿಗೆ ತುಪ್ಪ.

ಬೇಕರಿಯ ವಿಷಯ ಹಾಸನದವರಿಗೆ ಮನೆ ವಿಷಯ, ಬೆಂಗಳೂರು ತುಂಬ ಇರುವ ಅಯ್ಯಂಗಾರ್ ಬೇಕರಿಯವರಲ್ಲಿ ಬಹಳ ಮಂದಿ ಈ ಜಿಲ್ಲೆಯ ಹಳ್ಳಿಗಳಿಂದಲೇ ಹೋದವರು. ಅಲ್ಲಿ ಮೊಟ್ಟೆ ಇಲ್ಲ ಅಂದಾಕ್ಷಣ ವೀಗನ್ ಅಂದುಕೊಳ್ಳಬೇಡಿ, ಹಾಲು, ಬೆಣ್ಣೆ, ಹಾಲಿನ ಪುಡಿ ಇರುತ್ತವೆ. ಖಾರದ ಕಡಲೆಬೀಜ ತೆಗೆದುಕೊಳ್ಳಿ, ನಿಪ್ಪಟ್ಟಿಗೆ ಬೆಣ್ಣೆ ಹಾಕಿದ್ದಾರಾ ಅಂತ ಕೇಳಿ.

ಹೋಂಸ್ಟೇಗೆ ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ, 'ವೀಗನ್' ಅನ್ನುವ ಬದಲು 'ಹಾಲು, ಮೊಸರು, ತುಪ್ಪ, ಮೊಟ್ಟೆ, ಮಾಂಸ ಯಾವುದೂ ಬೇಡ' ಅಂತ ಬಿಡಿಸಿ ಹೇಳಿ. ಹೊರನಾಡು, ಶೃಂಗೇರಿಯಲ್ಲಿ ದೇವಸ್ಥಾನದ ಊಟಕ್ಕೆ ಕೂತಾಗ ಮಜ್ಜಿಗೆ ಬೇಡ ಅನ್ನುವುದು ಸುಲಭ, ಪಾಯಸಕ್ಕೆ ಕಾಯಿ ಹಾಲೋ ಹಸುವಿನ ಹಾಲೋ ಅಂತ ಬಡಿಸುವವರನ್ನು ಮೆಲ್ಲಗೆ ಕೇಳಬಹುದು. ಒಗ್ಗರಣೆಗೆ ತುಪ್ಪ ಬಿದ್ದಿದೆಯಾ ಅಂತ ಪಂಕ್ತಿಯಲ್ಲಿ ಕೂತು ತನಿಖೆ ಮಾಡುವುದು ಬೇಕಾ, ಅದು ನಿಮಗೆ ಬಿಟ್ಟದ್ದು. ನನ್ನ ಮಟ್ಟಿಗೆ ದಿನದ ಮನೆಯೂಟ ಸರಿ ಇರುವುದು ಮುಖ್ಯ.

ಒಬ್ಬರೇ ಆಗುವುದೋ, ಮನೆಯವರೆಲ್ಲ ಆಗುವುದೋ

ಹೆಚ್ಚಿನ ಮನೆಗಳಲ್ಲಿ ಶುರುಮಾಡುವುದು ಒಬ್ಬರೇ, ಅದರಲ್ಲೂ ಓದುವ ಮಗಳೋ ಮಗನೋ. 'ಮೊಸರಿಲ್ಲದೆ ಊಟ ಮುಗಿಯುತ್ತಾ?' ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ವಾದ ಮಾಡಬೇಡಿ. ಬೇರೆ ಅಡುಗೆ ಮಾಡಿಸಿಕೊಂಡು ಅಮ್ಮನ ಕೆಲಸ ಹೆಚ್ಚಿಸುವುದಂತೂ ಸರಿಯಲ್ಲ. ಸಾರಿಗೆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟು ತುಪ್ಪವನ್ನು ತಟ್ಟೆಗೆ ಬೇಕಾದವರು ಹಾಕಿಕೊಳ್ಳುವ ಹಾಗೆ ಮಾಡಿದರೆ ಒಂದೇ ಪಾತ್ರೆಯಲ್ಲಿ ಎಲ್ಲರ ಊಟ ಆಗುತ್ತದೆ. ನಿಮ್ಮ ಸೋಯಾ ಹಾಲು ನೀವೇ ಮಾಡಿಕೊಳ್ಳಿ.

ಹಸು ಕಟ್ಟಿರುವ ಮನೆಯಾದರೆ ಮಾತು ಇನ್ನೂ ಸೂಕ್ಷ್ಮ. ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಹೋಗುತ್ತದೆ, ಡೈರಿಗೆ ಹಾಲು ಹಾಕಿ ಮಕ್ಕಳ ಫೀಸು ಕಟ್ಟುವ ಮನೆಗಳು ಹಳ್ಳಿಹಳ್ಳಿಯಲ್ಲಿವೆ. ಆ ದುಡ್ಡಿನಲ್ಲಿ ಓದಿದವರು ಅಪ್ಪ ಅಮ್ಮನಿಗೆ ಹಿಂಸೆಯ ಪಾಠ ಹೇಳುವುದು ನನಗೆ ಸರಿಕಾಣುವುದಿಲ್ಲ. ನೀವು ಕುಡಿಯುವುದು ಬಿಡಿ, ಮುದಿ ಹಸುವನ್ನು, ಗಂಡು ಕರುವನ್ನು ಮಾರದೆ ಇಟ್ಟುಕೊಳ್ಳಲು ಮನೆಯಲ್ಲಿ ನಿಮ್ಮ ಕೈಲಾದ ಖರ್ಚು ಹೊರಿ. ಅದು ಬಾಯಿಮಾತಿಗಿಂತ ದೊಡ್ಡದು.

ಇಡೀ ಮನೆ ಒಟ್ಟಿಗೆ ಬದಲಾಗುವುದಾದರೆ ಚಿಕ್ಕ ಮಕ್ಕಳು, ಬಸುರಿ ಬಾಣಂತಿಯರ ವಿಷಯದಲ್ಲಿ ತಡೆದು ನಡೆಯಿರಿ. ಅವರಿಗೆ ಬಿ12, ಕಬ್ಬಿಣ, ಅಯೋಡಿನ್, ಕ್ಯಾಲ್ಸಿಯಂ ಯಾವುದು ಕಡಿಮೆಯಾದರೂ ಪರಿಣಾಮ ದೊಡ್ಡದು. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಕಡಿಮೆಯಾಗಿ ಮಗುವಿನ ಮಿದುಳಿಗೇ ಪೆಟ್ಟು ಬೀಳುತ್ತದೆ. ಅವರ ಊಟ ಬದಲಿಸುವ ಮುಂಚೆ ಮಕ್ಕಳ ಡಾಕ್ಟರ್, ಹೆರಿಗೆ ಡಾಕ್ಟರ್ ಹತ್ತಿರ ಕೂತು ಮಾತಾಡಿ, ಯಾವ ಮಾತ್ರೆ, ಎಷ್ಟು, ಯಾವಾಗ ಮತ್ತೆ ಪರೀಕ್ಷೆ ಅಂತ ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೆ ದೊಡ್ಡವರು ಶುರುಮಾಡಬಹುದು.